ಗಾಡಿ ಮಾತು: ಆಯಿಲ್ ಸೋರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ

ಪ್ರಶ್ನೆ: ಅಕ್ಕಾ, ನಮಸ್ಕಾರ. ನನ್ನದು 2008ರ ಡಿಐ ಪಿಕಪ್. ಎರಡು ಲಕ್ಷ ಎಂಬತ್ತು ಸಾವಿರ ಕಿ.ಮೀ. ಓಡಿದೆ. ಟೊಮೆಟೊ ಇರುವಾಗ ಕೋಲಾರದ ಎಪಿಎಂಸಿಗೆ, ಮಾವಿನ ಕಾಲದಲ್ಲಿ ಇಲ್ಲೇ ಶ್ರೀನಿವಾಸಪುರದ ಮಂಡಿಗೆ ಬಾಡಿಗೆ ಹೊಡೆಯುತ್ತೇನೆ. ಯುಗಾದಿ ಕಳೆದ ಮೇಲೆ ಎರಡು ತೊಂದರೆ ಶುರುವಾಗಿವೆ. ಒಂದು, ಗಾಡಿ ನಿಲ್ಲಿಸಿದ ಕಡೆಯೆಲ್ಲ ಆಯಿಲ್. ವಾರಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಹಾಕಬೇಕು. ಎರಡು, ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಎಳೆಯುವುದಿಲ್ಲ. ಕಟಕಟ ಅನ್ನುತ್ತದೆ, ಇಲ್ಲಾಂದ್ರೆ ತಿಣುಕುತ್ತ ಒಂದೆರಡು ಸುತ್ತು ತಿರುಗಿ ನಿಲ್ಲುತ್ತದೆ. ಇಬ್ಬರು ತಳ್ಳಿದರೆ ಸಾಕು, ಹತ್ತು ಹೆಜ್ಜೆಗೆ ಸ್ಟಾರ್ಟ್. ಹೊಸ ಬ್ಯಾಟರಿ ಹಾಕಿಸಿದೆ. ಒಂದು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ. ರಾತ್ರಿ ಹೆಡ್‌ಲೈಟ್ ಮಂಕು. ಈಚೆಗೆ ಬ್ರೇಕ್ ಕೂಡ ಗಟ್ಟಿಯಾಗಿದೆ. ಒಬ್ಬ ಮೆಕ್ಯಾನಿಕ್ ಇಂಜಿನ್ ಹಿಂಭಾಗದ ಕ್ರ್ಯಾಂಕ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂದರು. ಇನ್ನೊಬ್ಬರು ಇಂಜಿನ್ ಬೋರ್‌ಗೆ ಬಂದಿದೆ, ಒಳಗೆಲ್ಲ ಸವೆದಿದೆ ಅಂದರು. ಮೂರನೆಯವರು ಸೆಲ್ಫ್ ಮೋಟಾರ್ ಬದಲಾಯಿಸಿ ಅಂದರು. ಯಾರ ಮಾತು ಕೇಳಲಿ?
— ಶ್ರೀನಿವಾಸಪುರ ತಾಲ್ಲೂಕಿನ ಓದುಗರು

ಉತ್ತರ: ಅಣ್ಣಾ, ಸದ್ಯಕ್ಕೆ ಮೂವರ ಮಾತನ್ನೂ ಪಕ್ಕಕ್ಕಿಡಿ. ಇಂಜಿನ್ ಬಿಚ್ಚಿಸಬೇಡಿ, ಗೇರ್‌ಬಾಕ್ಸ್ ಇಳಿಸಬೇಡಿ. ಕೋಲಾರದಲ್ಲಿ ಸ್ಪೇರ್ಸ್ ಅಂಗಡಿ ಇಟ್ಟುಕೊಂಡು ನಾನು ಹೀಗೆ ಹೇಳಿದರೆ ನನ್ನ ವ್ಯಾಪಾರಕ್ಕೇ ಕಲ್ಲು. ಪಿಸ್ಟನ್, ಲೈನರ್ ಮಾರಿದರೆ ಸಿಗುವ ಲಾಭ ಎಲ್ಲಿ, ಒಂದು ಆಯಿಲ್ ಸೀಲ್ ಮಾರಿದರೆ ಸಿಗುವುದೆಲ್ಲಿ! ಆದರೂ ನಿಮ್ಮ ಕಾಗದ ಓದಿದಾಗ ನನ್ನ ಅನುಮಾನ ಹೋಗುವುದು ಬ್ಯಾಟರಿ ಚಾರ್ಜ್ ಮಾಡುವ ಡೈನಮೋ (ಆಲ್ಟರ್ನೇಟರ್) ಮೇಲೆ, ಅದರ ಬೆನ್ನಿಗೆ ಕೂತಿರುವ ವ್ಯಾಕ್ಯೂಮ್ ಪಂಪ್ ಮೇಲೆ.

ಯಾಕೆ ಅಂತ ಹೇಳುತ್ತೇನೆ. ತಳ್ಳಿದರೆ ಹತ್ತು ಹೆಜ್ಜೆಗೆ ಸ್ಟಾರ್ಟ್ ಅಂತ ನೀವೇ ಬರೆದಿದ್ದೀರಿ. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿ ಕಾಯಿಸಬೇಕು, ಆ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಪಿಸ್ಟನ್ ರಿಂಗ್ ಪೂರ್ತಿ ಸವೆದ ಇಂಜಿನ್ ಆಗಿದ್ದರೆ ಬೆಳಗಿನ ತಣ್ಣನೆ ಹೊತ್ತಿನಲ್ಲಿ ಊರಾಚೆವರೆಗೆ ತಳ್ಳಿದರೂ ಬಿಳಿ ಹೊಗೆ ಬಿಡುತ್ತ ಸತಾಯಿಸುತ್ತಿತ್ತು. ನಿಮ್ಮದು ಥಟ್ಟನೆ ಏಳುತ್ತದೆ. ಅಂದರೆ ಕಂಪ್ರೆಷನ್ ಇದೆ, ಡೀಸೆಲ್ ಬರುತ್ತಿದೆ. ಕಡಿಮೆ ಬಿದ್ದಿರುವುದು ಇಂಜಿನ್ ತಿರುಗಿಸುವ ಶಕ್ತಿ.

ಹೊಸ ಬ್ಯಾಟರಿ ಒಂದು ವಾರ ನಡೆಯಿತು ಅಂದಿರಲ್ಲ, ಅದು ಇನ್ನೂ ದೊಡ್ಡ ಸುಳಿವು. ಸೆಲ್ಫ್ ಕೆಟ್ಟಿದ್ದರೆ ಹೊಸ ಬ್ಯಾಟರಿ ಹಾಕಿದ ದಿನವೂ ಅದು ತಿಣುಕುತ್ತಿತ್ತು. ಬ್ಯಾಟರಿ ಅಂಗಡಿಯಲ್ಲಿ ಚಾರ್ಜ್ ಆಗಿ ಬಂತು. ಆ ಚಾರ್ಜ್ ಇರುವ ತನಕ ಗಾಡಿ ನಡೆಸಿತು. ಮುಗಿದ ಮೇಲೆ ಮಲಗಿತು. ವಾಪಸ್ ತುಂಬುವವರೇ ಇಲ್ಲ. ಹೆಡ್‌ಲೈಟ್ ಮಂಕಾಗಿರುವುದೂ ಇದಕ್ಕೇ.

ಬ್ರೇಕ್ ಗಟ್ಟಿ ಅನ್ನುವುದನ್ನು ನೀವು ಕೊನೆಯಲ್ಲಿ, ಇದೂ ಒಂದು ಇರಲಿ ಅಂತ ಸೇರಿಸಿದ ಹಾಗಿದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ. ಪೆಟ್ರೋಲ್ ಗಾಡಿಯಲ್ಲಿ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ ಇಂಜಿನ್ ಗಾಳಿ ಎಳೆಯುವಾಗಲೇ ಸಿಕ್ಕಿಬಿಡುತ್ತದೆ. ನಿಮ್ಮಂಥ ಡೀಸೆಲ್ ಗಾಡಿಯಲ್ಲಿ ಹಾಗೆ ಸಿಗುವುದಿಲ್ಲ, ಅದಕ್ಕೇ ಬೇರೆ ಪಂಪ್ ಕೊಟ್ಟಿರುತ್ತಾರೆ. ಬೊಲೆರೊ ಡಿಐ, ಟಾಟಾ 207 ತರದ ಹಳೇ ಗಾಡಿಗಳಲ್ಲಿ ಈ ಪಂಪ್ ಡೈನಮೋ ಹಿಂಭಾಗಕ್ಕೇ ಜೋಡಿಸಿರುತ್ತದೆ. ಡೈನಮೋ ಶಾಫ್ಟ್ ತಿರುಗಿದರೆ ಪಂಪ್ ಒಳಗಿನ ಬ್ಲೇಡುಗಳೂ ತಿರುಗುತ್ತವೆ. ಅವು ಒಣಗಬಾರದು ಅಂತ ಇಂಜಿನ್‌ನಿಂದ ಒಂದು ಸಣ್ಣ ಪೈಪಿನಲ್ಲಿ ಆಯಿಲ್ ಬರುತ್ತದೆ. ಒಂದು ದಪ್ಪ ಪೈಪಿನಲ್ಲಿ ಅದು ವಾಪಸ್ ಇಂಜಿನ್ ತಳದ ಆಯಿಲ್ ಚೇಂಬರ್‌ಗೆ ಇಳಿಯುತ್ತದೆ. ಪಂಪ್‌ಗೂ ಡೈನಮೋಗೂ ಮಧ್ಯೆ ಶಾಫ್ಟ್ ಮೇಲೆ ಒಂದು ಚಿಕ್ಕ ರಬ್ಬರ್ ಸೀಲ್. ಆ ಕಡೆ ಆಯಿಲ್, ಈ ಕಡೆ ಕರೆಂಟು. ಕಾವಲಿಗೆ ಇರುವುದು ಅದೊಂದೇ.

ಇಷ್ಟು ವರ್ಷದ ಕಾವಿಗೆ ಆ ರಬ್ಬರ್ ಕಲ್ಲಾಗುತ್ತದೆ. ಆಯಿಲ್ ಡೈನಮೋ ಒಳಗೆ ನುಗ್ಗುತ್ತದೆ. ಇಂಥ ಡೈನಮೋಗಳು ನನ್ನ ಕೌಂಟರ್ ಮೇಲೆ ಆಗಾಗ ಬಂದು ಕೂರುತ್ತವೆ, ಕೆಳಗೆ ಪೇಪರ್ ಹಾಸದಿದ್ದರೆ ಬಿಲ್ ಪುಸ್ತಕವೆಲ್ಲ ಕೊಳೆ. ಹಿಂದಿನ ಮುಚ್ಚಳ ತೆಗೆದು ಕಾರ್ಬನ್ ಬ್ರಷ್ ಎಳೆದರೆ ಅದು ಸ್ಪ್ರಿಂಗ್‌ನಿಂದ ಚಿಮ್ಮಿ ಬರಬೇಕು. ಬರುವುದಿಲ್ಲ, ಅಂಟಿಕೊಂಡಿರುತ್ತದೆ. ಬ್ರಷ್ ಸವೆದ ಪುಡಿಗೆ ಆಯಿಲ್ ಸೇರಿ, ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆಯ ಹಾಗೆ ಆಗಿರುತ್ತದೆ. ತಾಮ್ರದ ಸ್ಲಿಪ್ ರಿಂಗ್ ಹೊಳೆಯಬೇಕಾದ ಕಡೆ ಕಪ್ಪು ಪೊರೆ. ಬೆರಳಲ್ಲಿ ಒರೆಸಿದರೆ ಕೆಳಗೆ ತಾಮ್ರ ಹಾಗೇ ಇರುತ್ತದೆ. ಪಾಪ, ಡೈನಮೋ ಕೆಟ್ಟಿಲ್ಲ, ಬ್ರಷ್ ರಿಂಗ್‌ಗೆ ತಾಗದೆ ಕೆಲಸ ನಿಲ್ಲಿಸಿರುತ್ತದೆ. ಪಂಪ್ ಕಡೆ ನೋಡಿದರೆ ಸೀಲ್ ಇಲ್ಲದ ಮೇಲೆ ವ್ಯಾಕ್ಯೂಮ್ ಕೂಡ ಸರಿಯಾಗಿ ಏರುವುದಿಲ್ಲ, ಬ್ರೇಕ್ ಗಟ್ಟಿಯಾಗುತ್ತದೆ. ಸೋರಿಕೆ, ಸ್ಟಾರ್ಟ್, ಲೈಟು, ಬ್ರೇಕು: ನಿಮ್ಮ ನಾಲ್ಕೂ ದೂರು ಒಂದು ಸಣ್ಣ ಸೀಲ್ ಹತ್ತಿರ ಬಂದು ಸೇರಬಹುದು.

ಹಾಗಾದರೆ ಮೊದಲ ಮೆಕ್ಯಾನಿಕ್‌ಗೆ ಕ್ರ್ಯಾಂಕ್ ಸೀಲ್ ಯಾಕೆ ಕಂಡಿತು? ಡೈನಮೋದಿಂದ ಚಿಮ್ಮಿದ ಆಯಿಲ್‌ಗೆ ರೇಡಿಯೇಟರ್ ಫ್ಯಾನಿನ ಗಾಳಿ ಹೊಡೆಯುತ್ತದೆ. ಅದು ಇಂಜಿನ್ ಪಕ್ಕಕ್ಕೆ ಅಂಟಿ, ಚೇಂಬರ್ ಅಂಚು ಹಿಡಿದು ಹಿಂದಕ್ಕೆ ಹರಿದು, ಕೊನೆಗೆ ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ಸೇರುವ ಬೆಲ್ ಹೌಸಿಂಗ್ ಕೆಳಗೆ ತೊಟ್ಟಿಕ್ಕುತ್ತದೆ. ಕೆಳಗೆ ಮಲಗಿ ನೋಡಿದವರಿಗೆ ಕ್ರ್ಯಾಂಕ್ ಸೀಲ್ ಅಂತಲೇ ಅನ್ನಿಸುತ್ತದೆ. ತೊಟ್ಟು ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಒದ್ದೆ ಎಲ್ಲಕ್ಕಿಂತ ಮೇಲೆ ಎಲ್ಲಿದೆ, ಎಲ್ಲಕ್ಕಿಂತ ಮುಂದೆ ಎಲ್ಲಿದೆ ಅಂತ ನೋಡಬೇಕು.

ಅದನ್ನು ನೋಡಬೇಕಾದರೆ ಮೊದಲು ತೊಳೆಯಬೇಕು. ಸೀಮೆಎಣ್ಣೆಯೋ ಡೀಸೆಲ್ಲೋ, ಒಂದು ಬ್ರಷ್ಷಿನಲ್ಲಿ ಇಂಜಿನ್ ಹೊರಮೈ ಪೂರ್ತಿ ಉಜ್ಜಿ. ಇಂಜಿನ್ ತಣ್ಣಗಿರಬೇಕು, ಬ್ಯಾಟರಿ ವೈರ್ ತೆಗೆದಿರಬೇಕು. ಡೈನಮೋ ಮೇಲೂ ಸೆಲ್ಫ್ ಮೇಲೂ ನೀರಿನ ಪ್ರೆಷರ್ ಹೊಡೆಸಬೇಡಿ, ಪ್ಲಾಸ್ಟಿಕ್ ಕವರ್ ಕಟ್ಟಿ. ಚೆನ್ನಾಗಿ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ಅನುಮಾನ ಇರುವ ಕಡೆಯೆಲ್ಲ ಉದುರಿಸಿ. ಡೈನಮೋ ಹಿಂಭಾಗ, ಅದರ ಎರಡು ಪೈಪು, ಇಂಜಿನ್ ತಲೆ ಮೇಲಿನ ಟ್ಯಾಪೆಟ್ ಕವರ್ ಅಂಚು, ಆಯಿಲ್ ಫಿಲ್ಟರ್ ಕುತ್ತಿಗೆ, ಆಯಿಲ್ ಪ್ರೆಷರ್ ಸ್ವಿಚ್, ಟರ್ಬೊ ಇದ್ದರೆ ಅದರ ರಿಟರ್ನ್ ಪೈಪು. ಮನೆಯವರು ಪೌಡರ್ ಡಬ್ಬಿ ಎಲ್ಲಿ ಅಂತ ಕೇಳಿದರೆ ನನ್ನ ಹೆಸರು ಹೇಳಬೇಡಿ. ಆಮೇಲೆ ಲೋಡ್ ಇಲ್ಲದೆ, ನಿಧಾನವಾಗಿ, ಊರ ಹತ್ತಿರವೇ ಒಂದಷ್ಟು ಓಡಿಸಿ ಬಂದು ಟಾರ್ಚ್ ಹಾಕಿ ನೋಡಿ. ಬಿಳಿ ಪುಡಿ ಮೇಲೆ ಕಪ್ಪು ಗೆರೆ ಎಲ್ಲಿಂದ ಇಳಿಯುತ್ತಿದೆಯೋ ಅದೇ ಜಾಗ.

ಮುಂದಿನದು ಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾದಾ ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಗೆ ಹಿಡಿದರೆ 12.6 ವೋಲ್ಟ್ ಹತ್ತಿರ ತೋರಿಸಬೇಕು. 12ಕ್ಕೆ ಬಂದಿದ್ದರೆ ಅದು ಬಹುತೇಕ ಖಾಲಿ. ಬೇರೆಯವರು ಕೀ ತಿರುಗಿಸುವಾಗ ನೋಡಿ: 9.6ಕ್ಕಿಂತ ಕೆಳಗೆ ಬೀಳಬಾರದು. ಗಾಡಿ ಸ್ಟಾರ್ಟ್ ಆದ ಮೇಲೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನೋಡಿದರೆ 13.8ರಿಂದ 14.4ರ ಒಳಗೆ ನಿಲ್ಲಬೇಕು. ನಿಮ್ಮದು 12ರ ಆಸುಪಾಸಿನಲ್ಲೇ ಇದ್ದರೆ ಡೈನಮೋ ಚಾರ್ಜ್ ಕೊಡುತ್ತಿಲ್ಲ ಅಂತ ತೀರ್ಮಾನ. ಡೈನಮೋ ಬಿಚ್ಚುವ ಮುಂಚೆ ಬೆಲ್ಟ್ ಸಡಿಲ ಇದೆಯಾ ನೋಡಿ. ಬೆಲ್ಟಿಗೆ ಆಯಿಲ್ ತಾಗಿದ್ದರೆ ಜಾರುತ್ತದೆ. ಜೊತೆಗೆ, ಕೀ ಆನ್ ಮಾಡಿದ ತಕ್ಷಣ ಮೀಟರ್ ಬೋರ್ಡಿನಲ್ಲಿ ಬ್ಯಾಟರಿ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಮೊದಲಿಗೇ ಹತ್ತದಿದ್ದರೆ ಆ ಬಲ್ಬ್ ನೋಡಿಸಿ. ಹಳೇ ಗಾಡಿಗಳಲ್ಲಿ ಡೈನಮೋಗೆ ಮೊದಲ ಕರೆಂಟು ಹೋಗುವುದೇ ಆ ಬಲ್ಬ್ ಮೂಲಕ. ಬಲ್ಬ್ ಸುಟ್ಟರೆ ಚಾರ್ಜಿಂಗ್ ಕೂಡ ನಿಲ್ಲಬಹುದು.

ಮೀಟರ್ ಕೈಯಲ್ಲಿರುವಾಗಲೇ ಅರ್ತ್ ಕೂಡ ನೋಡಿಬಿಡಿ. ಬ್ಯಾಟರಿ ಮೈನಸ್‌ಗೆ ಒಂದು ಕಡ್ಡಿ, ಇಂಜಿನ್‌ನ ಬರಿ ಕಬ್ಬಿಣಕ್ಕೆ ಇನ್ನೊಂದು ಕಡ್ಡಿ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಇಂಜಿನ್‌ನಿಂದ ಚಾಸಿಗೆ ಹೋಗುವ ಜಡೆ ವೈರ್ ತುಕ್ಕು ಹಿಡಿದಿದೆ, ಇಲ್ಲವೇ ಬೋಲ್ಟ್ ಸಡಿಲ. ಆಯಿಲ್ ಕುಡಿದ ಗಾಡಿಯಲ್ಲಿ ಈ ವೈರ್ ಕಣ್ಣಿಗೇ ಬೀಳುವುದಿಲ್ಲ, ಕೊಳೆ ಒಳಗೆ ಮುಚ್ಚಿಹೋಗಿರುತ್ತದೆ. ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದರೆ ಆಯಿತು.

ಡೈನಮೋದೇ ತಪ್ಪು ಅಂತ ಗೊತ್ತಾದರೆ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಪಂಪ್ ಸೀಲ್ ಕಿಟ್, ಕಾರ್ಬನ್ ಬ್ರಷ್ ಹಾಕಿಸಿ. ಹೇಗೂ ಬಿಚ್ಚಿರುತ್ತಾರೆ, ಬೇರಿಂಗ್ ಕೂಡ ಬದಲಾಯಿಸಿ. ಕಾಯಿಲ್ ಸುಟ್ಟಿಲ್ಲ ಅಂದರೆ ಪೂರ್ತಿ ಡೈನಮೋ ಬೇಕಿಲ್ಲ. ಆದರೆ ಸೀಲ್ ಹಾಕಿ ಕಳಿಸಿಬಿಡುವವರ ಹತ್ತಿರ ಎರಡು ಕೆಲಸ ಜಗಳ ಮಾಡಿಯಾದರೂ ಮಾಡಿಸಿ. ಒಂದು, ಪಂಪ್‌ನಿಂದ ಆಯಿಲ್ ವಾಪಸ್ ಹೋಗುವ ದಪ್ಪ ಪೈಪ್ ಒಳಗೆ ಊದಿಕೊಂಡು ಕಟ್ಟಿಕೊಂಡಿದೆಯಾ ನೋಡಿಸುವುದು. ವಾಪಸ್ ಹೋಗಲು ದಾರಿ ಇಲ್ಲದ ಆಯಿಲ್ ಹೊಸ ಸೀಲನ್ನೂ ತಳ್ಳಿಕೊಂಡು ಬರುತ್ತದೆ. ಇನ್ನೊಂದು, ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಸ್ವಚ್ಛ ಮಾಡಿಸುವುದು. ಅದು ಮುಚ್ಚಿದರೆ ಚೇಂಬರ್ ಒಳಗೆ ಒತ್ತಡ ಏರಿ ಸಿಕ್ಕ ಸೀಲ್‌ನಿಂದೆಲ್ಲ ಆಯಿಲ್ ಹೊರಗೆ.

ಇಲ್ಲೇ ಎರಡನೇ ಮೆಕ್ಯಾನಿಕ್ ಮಾತಿಗೂ ಪರೀಕ್ಷೆ ಇದೆ. ಇಂಜಿನ್ ಬಿಸಿಯಾದ ಮೇಲೆ ಸ್ಲೋನಲ್ಲಿ ಬಿಟ್ಟು, ಆಯಿಲ್ ಹಾಕುವ ಮುಚ್ಚಳ ತೆಗೆದು ಬೋರಲು ಹಾಕಿ ಆ ತೂತಿನ ಮೇಲೇ ಇಡಿ. ಸ್ವಲ್ಪ ಅಲುಗಾಡಿದರೆ ಏನೂ ಭಯ ಇಲ್ಲ, ಈ ವಯಸ್ಸಿಗೆ ಅಷ್ಟು ಇದ್ದದ್ದೇ. ಹೊಗೆ ಸಮೇತ ಬುಸಬುಸ ಅಂತ ಎತ್ತಿ ಎಸೆದರೆ ಬ್ಯಾಕ್ ಕಂಪ್ರೆಷನ್ ಹೊಡೆಯುತ್ತಿದೆ, ಪಿಸ್ಟನ್ ಪಕ್ಕದಿಂದ ಗಾಳಿ ಕೆಳಗೆ ನುಗ್ಗುತ್ತಿದೆ ಅಂತ ಅರ್ಥ. ಆಗ ಬೋರ್ ಮಾತು ಆಡೋಣ, ಅದೂ ಕಂಪ್ರೆಷನ್ ಗೇಜ್ ಹಾಕಿ ನೋಡಿದ ಮೇಲೆ.

ಡೈನಮೋ ಸರಿ ಮಾಡಿದ ಮೇಲೂ ಬೆಲ್ ಹೌಸಿಂಗ್ ಕೆಳಗೆ ತೊಟ್ಟು ಬಿದ್ದರೆ ಅದನ್ನು ಬೆರಳಲ್ಲಿ ಹಿಡಿದು ಮೂಸಿ. ಗೇರ್ ಆಯಿಲ್‌ಗೆ ಗಂಧಕದ ಘಾಟು ಇರುತ್ತದೆ, ದಪ್ಪಗಿರುತ್ತದೆ. ಇಂಜಿನ್ ಆಯಿಲ್ ಕಪ್ಪಗೆ, ತೆಳ್ಳಗೆ. ಗೇರ್ ಆಯಿಲ್ ಆದರೆ ಗೇರ್‌ಬಾಕ್ಸ್ ಮುಂದಿನ ಸೀಲ್, ಇಂಜಿನ್ ಆಯಿಲ್ ಆದರೆ ಕ್ರ್ಯಾಂಕ್ ಸೀಲ್. ಯಾವುದಾದರೂ ಗೇರ್‌ಬಾಕ್ಸ್ ಇಳಿಸಲೇಬೇಕು, ಹಾಗಾಗಿ ಎರಡು ಸೀಲನ್ನೂ ಒಟ್ಟಿಗೆ ಹಾಕಿಸಿ. ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಹೇಗಿದೆ ನೋಡಿ. ಕೂಲಿ ಒಂದೇ ಸಲ ಕೊಟ್ಟರೆ ಸಾಕು.

ಒಂದು ಮಾತು ಮಾತ್ರ ಬೈದುಕೊಂಡರೂ ಪರವಾಗಿಲ್ಲ, ಕೇಳಿ. ಬ್ರೇಕ್ ಸರಿಯಾಗುವ ತನಕ ಲೋಡ್ ಹಾಕಬೇಡಿ. ಮಂಡಿಗೆ ಹೊತ್ತಾಯಿತು ಅಂತ ಟೊಮೆಟೊ ಬಾಕ್ಸ್ ತಲೆ ಮಟ್ಟಕ್ಕೆ ಪೇರಿಸಿಕೊಂಡು ರಾತ್ರಿ ಮಂಕು ಲೈಟಿನಲ್ಲಿ, ಗಟ್ಟಿ ಬ್ರೇಕಿನಲ್ಲಿ ಬರುವ ಗಾಡಿಗಳನ್ನು ಕೋಲಾರದ ರಸ್ತೆಯಲ್ಲಿ ನೋಡುತ್ತಲೇ ಇರುತ್ತೇನೆ. ಎದೆ ಝಲ್ ಅನ್ನುತ್ತದೆ. ಒಂದು ವಾರದ ಬಾಡಿಗೆ ಹೋದರೆ ಹೋಗಲಿ. ಹಾಗೇ ದಿನಾ ಬೆಳಿಗ್ಗೆ ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ, ಒಂದು ಲೀಟರ್ ಆಯಿಲ್ ಕ್ಯಾಬಿನ್‌ನಲ್ಲಿ ಇಟ್ಟುಕೊಳ್ಳಿ. ಸೋರಿಕೆಗೆ ಹೆದರಬೇಕಿಲ್ಲ, ಆಯಿಲ್ ಇಲ್ಲದೆ ಓಡಿಸುವುದಕ್ಕೆ ಹೆದರಬೇಕು.

ಪ್ರಶ್ನೆ: ನಮ್ಮ ಹಾಲಿನ ಗಾಡಿಯಲ್ಲೂ ಸಣ್ಣಗೆ ಆಯಿಲ್ ಒಸರುತ್ತದೆ. 15ಡಬ್ಲ್ಯೂ-40 ಗ್ರೇಡ್ ಆಯಿಲ್ ಬದಲು ಇನ್ನೂ ದಪ್ಪ ಆಯಿಲ್ ಹಾಕಿದರೆ ನಿಲ್ಲುತ್ತದೆ ಅನ್ನುತ್ತಾರೆ. ಸೋರಿಕೆ ನಿಲ್ಲಿಸುವ ಡಬ್ಬಿ ಔಷಧಿಯೂ ಬರುತ್ತದಂತೆ?
— ಬಂಗಾರಪೇಟೆ

ಉತ್ತರ: ದಪ್ಪ ಆಯಿಲ್ ಹಾಕಿದರೆ ಸೋರುವುದು ಸ್ವಲ್ಪ ನಿಧಾನ ಆಗಬಹುದು, ನಿಲ್ಲುವುದಿಲ್ಲ. ಕಲ್ಲಾದ ರಬ್ಬರ್ ಮೆತ್ತಗಾಗುವುದೂ ಇಲ್ಲ. ನೀವು ಹಾಲಿನವರು, ಬೆಳಗಿನ ಜಾವವೇ ಗಾಡಿ ತೆಗೆಯಬೇಕು. ಡಿಸೆಂಬರ್ ಚಳಿಯಲ್ಲಿ ದಪ್ಪ ಆಯಿಲ್ ಇದ್ದರೆ ಸೆಲ್ಫ್‌ಗೆ ಇನ್ನೂ ಭಾರ. ಡಬ್ಬಿ ಔಷಧಿ ರಬ್ಬರನ್ನು ಊದಿಸುತ್ತದೆ ಅಷ್ಟೇ. ನನ್ನ ಅಂಗಡಿಯಲ್ಲೂ ಇದೆ, ಕೇಳಿದರೆ ಕೊಡುತ್ತೇನೆ, ನನ್ನ ಸ್ವಂತ ಗಾಡಿಗೆ ಹಾಕುವುದಿಲ್ಲ. ಸುಮ್ನೆ ಒಸರುವುದಾದರೆ ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಾಯಿಸಿ ನೋಡಿ. ಹತ್ತರಲ್ಲಿ ಹಲವು ಅಲ್ಲೇ ಮುಗಿಯುತ್ತವೆ. ಬೋಲ್ಟ್ ಮಾತ್ರ ಅತಿಯಾಗಿ ಬಿಗಿ ಮಾಡಿಸಬೇಡಿ, ತಗಡಿನ ಕವರ್ ಬಾಗಿ ಇನ್ನೂ ಜಾಸ್ತಿ ಸೋರುತ್ತದೆ.

ಪ್ರಶ್ನೆ: ನನ್ನ ಪಿಕಪ್‌ನಲ್ಲಿ ಆಯಿಲ್ ಹಾಕದಿದ್ದರೂ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತಿದೆ. ಒಳ್ಳೆಯದೇ ಅಲ್ವಾ?
— ಮಾಲೂರು

ಉತ್ತರ: ಅಲ್ಲ ಅಣ್ಣಾ, ಗಾಡಿ ಇವತ್ತೇ ನಿಲ್ಲಿಸಿ. ಆಯಿಲ್ ತಾನಾಗೇ ಹುಟ್ಟುವುದಿಲ್ಲ. ಒಳಗೆ ಡೀಸೆಲ್ ಸೇರುತ್ತಿದೆ, ಇಲ್ಲವೇ ರೇಡಿಯೇಟರ್ ನೀರು. ಡಿಪ್‌ಸ್ಟಿಕ್ ಮೂಸಿ ನೋಡಿ. ಡೀಸೆಲ್ ವಾಸನೆ ಬಂದು, ಆಯಿಲ್ ನೀರುನೀರಾಗಿದ್ದರೆ ಫೀಡ್ ಪಂಪ್ ಅಥವಾ ಡೀಸೆಲ್ ಪಂಪ್ ಸೀಲ್ ನೋಡಿಸಬೇಕು. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ನೀರು, ಹೆಡ್ ಗ್ಯಾಸ್ಕೆಟ್ ಕಡೆ ನೋಡಿ. ಡೀಸೆಲ್ ಸೇರಿದ ಆಯಿಲ್ ಬೇರಿಂಗ್ ಕಾಯುವುದಿಲ್ಲ. ಅದಕ್ಕಿಂತ ಅಪಾಯ ಇನ್ನೊಂದಿದೆ. ಮಟ್ಟ ತುಂಬಾ ಏರಿದರೆ ಇಂಜಿನ್ ಬ್ರೀದರ್ ದಾರಿಯಿಂದ ಅದನ್ನೇ ಎಳೆದು ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ಹುಚ್ಚು ಹಿಡಿದು ಓಡಬಹುದು. ಹಾಗೇನಾದರೂ ಆದರೆ ಬ್ರೇಕ್ ಪೂರ್ತಿ ಒತ್ತಿ ಹಿಡಿದು, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ಇಂಜಿನ್ ಆಫ್ ಮಾಡಬೇಕು. ಬಾನೆಟ್ ತೆಗೆದು ಹತ್ತಿರ ನಿಲ್ಲಬೇಡಿ.

ಪ್ರಶ್ನೆ: ಡೀಸೆಲ್ ಫಿಲ್ಟರ್ ನಾನೇ ಬದಲಾಯಿಸಿದೆ. ಆಮೇಲೆ ಸೆಲ್ಫ್ ಜೋರಾಗಿ ತಿರುಗುತ್ತದೆ, ಗಾಡಿ ಸ್ಟಾರ್ಟ್ ಆಗುತ್ತಿಲ್ಲ. ಹೊಗೆಯೂ ಇಲ್ಲ.
— ಮುಳಬಾಗಿಲು

ಉತ್ತರ: ಹೊಗೆ ಇಲ್ಲ ಅಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಲೈನಿನಲ್ಲಿ ಗಾಳಿ ಹಿಡಿದಿದೆ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪ್ರೈಮರ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ. ಗುಳ್ಳೆ ಇಲ್ಲದ ಡೀಸೆಲ್ ಬಂದ ಮೇಲೆ ಒತ್ತಿ ಹಿಡಿದೇ ಸ್ಕ್ರೂ ಬಿಗಿ ಮಾಡಿ. ಫಿಲ್ಟರ್ ವಾಷರ್ ಹಳೆಯದು ಅಲ್ಲೇ ಅಂಟಿಕೊಂಡು ಡಬಲ್ ಆಗಿದೆಯಾ ನೋಡಿ, ಗಾಳಿ ಎಳೆಯುವುದು ಹೆಚ್ಚಾಗಿ ಅಲ್ಲೇ. ಆದರೂ ಬರದಿದ್ದರೆ ಡೀಸೆಲ್ ಪಂಪ್ ಮೇಲೆ ಡೀಸೆಲ್ ಬಿಡುವ, ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡ್ ವೈರ್ ಕಳಚಿದೆಯಾ ಗಮನಿಸಿ. ಕೀ ಆನ್ ಮಾಡಿದಾಗ ಟಿಕ್ ಅನ್ನಬೇಕು. ಇಂಜೆಕ್ಟರ್ ಪೈಪ್ ಸಡಿಲಿಸುವ ಕೆಲಸಕ್ಕೆ ಮಾತ್ರ ಮೆಕ್ಯಾನಿಕ್ಕನ್ನೇ ಕರೆಯಿರಿ. ಅಲ್ಲಿ ಡೀಸೆಲ್ ನೂರಾರು ಬಾರ್‌ನ ಭಾರಿ ಒತ್ತಡದಲ್ಲಿ ಬರುತ್ತದೆ, ಬೆರಳು ಅಡ್ಡ ಇಟ್ಟರೆ ಚರ್ಮ ತೂತು ಮಾಡಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ನೋವು ಕಡಿಮೆ ಇದೆ ಅಂತ ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಬ್ಯಾಟರಿಗೆ ಬೋರ್‌ವೆಲ್ ನೀರು ಕಾಯಿಸಿ ಆರಿಸಿ ಹಾಕಬಹುದಾ?
— ಚಿಂತಾಮಣಿ

ಉತ್ತರ: ಬೇಡ. ಕಾಯಿಸಿದರೆ ನೀರು ಆವಿಯಾಗುತ್ತದೆ, ನಮ್ಮ ಕಡೆಯ ನೀರಿನ ಉಪ್ಪು, ಸುಣ್ಣ ಎಲ್ಲ ಪಾತ್ರೆಯಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತದೆ. ಅದು ಬ್ಯಾಟರಿ ಪ್ಲೇಟಿಗೆ ವಿಷ. ಡಿಸ್ಟಿಲ್ಡ್ ವಾಟರ್ ಕ್ಯಾನ್ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ, ಅದನ್ನೇ ಹಾಕಿ, ಪ್ಲೇಟ್ ಮುಳುಗಿ ಸ್ವಲ್ಪ ಮೇಲೆ ಬರುವಷ್ಟು. ಆಸಿಡ್ ಮಾತ್ರ ಸೇರಿಸಬೇಡಿ.